ಎಲ್ಲರಿಗೂ ‘ನೋ ಡ್ಯೂ’!

ಫೈನಲ್ ಇಯರ್ ಮುಗಿಸಿದವರು ಕಾಲೇಜಿನಿಂದ ಹೊರಗೆ ಹೋಗುವ ಮುಂಚೆ ಹಿಡಿದುಕೊಂಡು ಅಲೆಯುವ ಕಾಗದವೊಂದಿದೆ, ಅದೇ ‘ನೋ ಡ್ಯೂ’. ಲ್ಯಾಬ್‌ನವರು ಸಹಿ ಹಾಕುತ್ತಾರೆ, ಹಾಸ್ಟೆಲ್‌ನವರು ಹಾಕುತ್ತಾರೆ, ಕ್ರಿಕೆಟ್ ಬ್ಯಾಟು ಮುಟ್ಟದವನಿಗೂ ಸ್ಪೋರ್ಟ್ಸ್ ವಿಭಾಗದವರು ಹಾಕುತ್ತಾರೆ. ಕೊನೆಗೆ ಗಾಡಿ ನಿಲ್ಲುವುದು ಲೈಬ್ರರಿಯಲ್ಲಿ. ಅಲ್ಲಿನ ಚೀಟಿ ಬರದೆ ಆಫೀಸಿನವರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡುವುದಿಲ್ಲ, ಮಾರ್ಕ್ಸ್ ಕಾರ್ಡ್ ಇಲ್ಲದೆ ಕಂಪನಿಯವರು ಒಳಗೆ ಬಿಡುವುದಿಲ್ಲ.

ನಮ್ಮ ಲೈಬ್ರರಿಯಲ್ಲಿ ಈ ಚೀಟಿ ಕೊಡುವ ಕೆಲಸವನ್ನು ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರು ಮತ್ತು ಅದರೊಳಗಿನ ಒಂದು ಪರ್ಲ್ ಸ್ಕ್ರಿಪ್ಟು. 2009ರ ಬ್ಯಾಚಿನ ಯಾರೋ ಬರೆದದ್ದು. ಯುಎಸ್ಎನ್ ಹೊಡೆದರೆ ಬಾಕಿ ಇದ್ದರೆ ಎಷ್ಟು ಎಂದು ತೋರಿಸುತ್ತದೆ, ಇಲ್ಲದಿದ್ದರೆ ಚೀಟಿ ಪ್ರಿಂಟ್ ಆಗುತ್ತದೆ. ಕಳೆದ ಸೆಮಿಸ್ಟರಿನ ಕೊನೆಯಲ್ಲಿ ಆ ಕಂಪ್ಯೂಟರಿನ ಮದರ್‌ಬೋರ್ಡ್ ಹೋಯಿತು. ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇತ್ತು. ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್ ಅದರಲ್ಲಿದ್ದ ಸ್ಕ್ರಿಪ್ಟನ್ನೂ ಡೇಟಾಬೇಸ್ ಫೈಲನ್ನೂ ಇನ್ನೊಂದು ಲಿನಕ್ಸ್ ಕಂಪ್ಯೂಟರಿಗೆ ಹಾಕಿದರು. ಮೂರನೆಯದೊಂದು ಪುಟ್ಟ ಕಾನ್ಫಿಗ್ ಫೈಲ್ ಇತ್ತು, ಅದು ಮರೆತುಹೋಯಿತು. ಅಷ್ಟರಲ್ಲಿ ಹಳೇ ಡಿಸ್ಕ್ ಸ್ಟೋರ್ ರೂಮ್ ಸೇರಿಯಾಗಿತ್ತು. ‘ನಿನಗೆ ಲಿನಕ್ಸ್ ಗೊತ್ತಲ್ಲಪ್ಪ, ಸ್ವಲ್ಪ ನೋಡು’ ಎಂದು ಸ್ಕ್ರಿಪ್ಟನ್ನು ನನಗೆ ವಾಟ್ಸ್ಆ್ಯಪ್ ಮಾಡಿದರು. ಲಿನಕ್ಸ್ ಗೊತ್ತು ಎಂದರೆ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಉಬುಂಟು ಹಾಕಿ, ವಿಂಡೋಸ್ ಹಾಳುಮಾಡಿಕೊಂಡು, ಮತ್ತೆ ವಿಂಡೋಸ್ ಹಾಕಿಸಿಕೊಂಡವನು ನಾನು. ಕ್ಲಾಸಿನಲ್ಲಿ ಅಷ್ಟಕ್ಕೇ ಹೆಸರು ಬಂದುಬಿಟ್ಟಿತ್ತು.

ಗುರುವಾರ ರಾತ್ರಿ ಹಾಸ್ಟೆಲಿನಲ್ಲಿ ಸ್ಕ್ರಿಪ್ಟ್ ಓದಿದೆ. ಪರ್ಲ್ ನಮ್ಮ ಸಿಲಬಸ್ಸಿನಲ್ಲಿಲ್ಲ. ಸಿ, ಜಾವಾ, ಪೈಥಾನ್ ಮೂರೂ ಕಲಿತವನಿಗೆ ಪರ್ಲ್ ಮೊದಲ ನೋಟಕ್ಕೆ ಯಾರೋ ಕೀಬೋರ್ಡಿನ ಮೇಲೆ ಮುಗ್ಗರಿಸಿ ಬಿದ್ದ ಹಾಗೆ ಕಾಣುತ್ತದೆ. ಎಲ್ಲಿ ನೋಡಿದರೂ ಡಾಲರ್, ಪರ್ಸೆಂಟ್, ಅಟ್ ಚಿಹ್ನೆ. 1987ರಲ್ಲಿ ಇದನ್ನು ಮಾಡಿದ ಲ್ಯಾರಿ ವಾಲ್ ಭಾಷಾಶಾಸ್ತ್ರ ಓದಿದವರು. ಒಂದು ಮಾತನ್ನು ಹಲವು ರೀತಿ ಹೇಳಬಹುದಾದರೆ ಪ್ರೋಗ್ರಾಮನ್ನು ಯಾಕೆ ಹಾಗೆ ಬರೆಯಬಾರದು ಎನ್ನುವುದು ಪರ್ಲ್‌ನವರ ವಾದ. ಇರಲಿ. ಒಂದು ಗಂಟೆ ಕೂತ ಮೇಲೆ ಸ್ಕ್ರಿಪ್ಟಿನ ಹೊಟ್ಟೆ ಅರ್ಥವಾಯಿತು. ಕಾನ್ಫಿಗ್ ಫೈಲಿನಲ್ಲಿ ಒಂದೇ ಒಂದು ಸಾಲು: ಡೇಟಾಬೇಸ್ ಎಲ್ಲಿದೆ ಎಂಬ ವಿಳಾಸ. ಸ್ಕ್ರಿಪ್ಟು ಆ ಸಾಲನ್ನು ಓದಿ, ‘ಚಾಂಪ್’ ಎಂಬ ಆಜ್ಞೆಯಿಂದ ಸಾಲಿನ ಕೊನೆಯ ಎಂಟರ್ ಗುರುತನ್ನು ಕತ್ತರಿಸಿ, ‘ಟೈ’ ಎಂಬ ಆಜ್ಞೆಯಿಂದ ಆ ಫೈಲನ್ನು ಪ್ರೋಗ್ರಾಮಿನೊಳಗಿನ ಒಂದು ಪಟ್ಟಿಗೆ ಗಂಟು ಹಾಕುತ್ತದೆ. ಇದು ಬರ್ಕ್ಲಿ ಡಿಬಿ ಎಂಬ ಹಳೇ ಕಾಲದ ಡೇಟಾಬೇಸು. ಟೇಬಲ್ಲು, ಎಸ್‌ಕ್ಯುಎಲ್ಲು ಏನೂ ಇಲ್ಲ. ಯುಎಸ್ಎನ್ ಕೊಟ್ಟರೆ ಅದರ ಮುಂದೆ ಬರೆದಿಟ್ಟ ಬಾಕಿ ಸಿಗುತ್ತದೆ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ.

ಒಂದೇ ಸಾಲು ತಾನೇ? ಲ್ಯಾಪ್‌ಟಾಪಿನಲ್ಲಿ ನೋಟ್‌ಪ್ಯಾಡ್ ತೆರೆದು ಹೊಸ ಕಂಪ್ಯೂಟರಿನ ವಿಳಾಸ ಟೈಪ್ ಮಾಡಿ, ಎಂಟರ್ ಒತ್ತಿ, ಸೇವ್ ಮಾಡಿ, ಪೆನ್‌ಡ್ರೈವಿಗೆ ಹಾಕಿಕೊಂಡು ಮಲಗಿದೆ.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಲೈಬ್ರರಿಗೆ ಹೋದರೆ ಕೌಂಟರಿನ ಮುಂದೆ ಹನ್ನೆರಡು ಹದಿಮೂರು ಜನ ಸೀನಿಯರ್‌ಗಳು. ಮಾರನೆಯ ದಿನ ಎರಡನೇ ಶನಿವಾರ, ಆಫೀಸಿಗೆ ರಜೆ. ಅವರಲ್ಲಿ ನಮ್ಮ ಹಾಸ್ಟೆಲಿನ ಮೆಕ್ಯಾನಿಕಲ್ ಸೀನಿಯರ್ ಒಬ್ಬರು ಬ್ಯಾಗ್ ಸಮೇತ ಬಂದಿದ್ದರು. ಸೋಮವಾರ ಪುಣೆಯಲ್ಲಿ ಜಾಯಿನಿಂಗ್, ಸಂಜೆ ಆರೂವರೆಗೆ ಬಸ್ಸು. ನನ್ನನ್ನು ನೋಡಿ, ‘ಬಂದ್ಯಾ? ಬೇಗ ಮುಗಿಸು ಮಾರಾಯ’ ಅಂದರು. ‘ಐದು ನಿಮಿಷ ಅಣ್ಣ’ ಅಂದೆ.

ಫೈಲ್ ಹಾಕಿದೆ, ಸ್ಕ್ರಿಪ್ಟ್ ಓಡಿಸಿದೆ. ಪರದೆಯ ಮೇಲೆ ಒಂದೇ ಸಾಲು ಬಂತು: ‘ಕೆನಾಟ್ ಓಪನ್ ಡೇಟಾಬೇಸ್’.

ಡೇಟಾಬೇಸ್ ಕಣ್ಣೆದುರಿಗೇ ಇದೆ. ಫೋಲ್ಡರ್ ತೆರೆದರೆ ಕಾಣುತ್ತದೆ. ತೆರೆಯಲು ಆಗುವುದಿಲ್ಲವಂತೆ. ಯಾಕೆ ಆಗುವುದಿಲ್ಲ? ಅದನ್ನು ಮಾತ್ರ ಹೇಳುವುದಿಲ್ಲ. ನನ್ನ ಸಿಟ್ಟು ಮೊದಲು ತಿರುಗಿದ್ದು 2009ರ ಬ್ಯಾಚಿನ ಆ ಪುಣ್ಯಾತ್ಮನ ಮೇಲೆ. ‘ಹಳೇ ಕೋಡು ಸರ್, ಈಗಿನ ಮಷಿನ್‌ನಲ್ಲಿ ಓಡಲ್ಲ’ ಎಂದು ಲೈಬ್ರರಿಯನ್ ಸರ್‌ಗೆ ಹೇಳಿಯೂಬಿಟ್ಟೆ. ಅವರು ಕನ್ನಡಕದ ಮೇಲಿನಿಂದ ನೋಡಿ, ‘ಹೋದ ವಾರದ ತನಕ ಓಡ್ತಿತ್ತಲ್ಲಪ್ಪ’ ಅಂದರು.

ಮುಂದಿನ ನಲವತ್ತು ನಿಮಿಷ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮುಜುಗರ. ಮೊಬೈಲಿನಲ್ಲಿ ಎರರ್ ಹೊಡೆದು ಹುಡುಕಿ, ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ಮಾಡಿದೆ. ಯಾರೋ ಪರ್ಮಿಷನ್ ಸಮಸ್ಯೆ ಅಂದಿದ್ದರು, ಫೈಲಿಗೆ 777 ಕೊಟ್ಟೆ. ಅಂದರೆ ಆ ಕಂಪ್ಯೂಟರಿನಲ್ಲಿ ಲಾಗಿನ್ ಆದ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಇಡೀ ಕಾಲೇಜಿನ ಬಾಕಿ ಲೆಕ್ಕದ ಫೈಲಿಗೆ! ಯಾರೋ ಮಾಡ್ಯೂಲ್ ಮತ್ತೆ ಇನ್‌ಸ್ಟಾಲ್ ಮಾಡಿ ಅಂದಿದ್ದರು, ಮಾಡಿದೆ. ಕಂಪ್ಯೂಟರ್ ರೀಸ್ಟಾರ್ಟ್ ಕೂಡ ಆಯಿತು. ಒಂದನ್ನಾದರೂ ‘ಇದು ಯಾಕೆ ಕೆಲಸ ಮಾಡಬೇಕು?’ ಎಂದು ಕೇಳಿಕೊಂಡು ಮಾಡಿದ್ದಲ್ಲ. ಜ್ವರ ಎಷ್ಟಿದೆ ಎಂದು ನೋಡದೆ ಮೆಡಿಕಲ್ ಶಾಪಿನ ಮಾತ್ರೆಗಳನ್ನೆಲ್ಲ ನುಂಗಿದ ಹಾಗೆ.

ಥರ್ಮಾಮೀಟರು ಪರ್ಲ್‌ನಲ್ಲೇ ಇತ್ತು. ಅದು ಎರಡೇ ಅಕ್ಷರದ್ದು: $! ಅಷ್ಟೆ. ಫೈಲ್ ತೆರೆಯಲು ಹೋಗಿ ಸೋತಾಗ ಆಪರೇಟಿಂಗ್ ಸಿಸ್ಟಮ್ ಕಾರಣ ಹೇಳಿಯೇ ಹೇಳುತ್ತದೆ, ಪರ್ಲ್ ಅದನ್ನು ಈ ಗುರುತಿನಲ್ಲಿ ಇಟ್ಟುಕೊಂಡಿರುತ್ತದೆ. ಫೈಲ್ ಇಲ್ಲವೋ, ಮುಟ್ಟಲು ನಿನಗೆ ಅಧಿಕಾರ ಇಲ್ಲವೋ ಎಂದು ಅದನ್ನು ನೋಡಿದರೆ ಗೊತ್ತಾಗುತ್ತದೆ. ಸ್ಕ್ರಿಪ್ಟ್ ಬರೆದ ಪುಣ್ಯಾತ್ಮ ‘ತೆರೆಯಲು ಆಗಲಿಲ್ಲ’ ಎಂದು ಬರೆದು, ಮುಂದೆ ಆ ಎರಡು ಚಿಹ್ನೆ ಹಾಕುವುದನ್ನು ಬಿಟ್ಟಿದ್ದ. ಇದು ಅವನ ತಪ್ಪೇ. ಬೈದದ್ದರಲ್ಲಿ ಇಷ್ಟನ್ನು ಮಾತ್ರ ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಎರರ್ ಸಾಲಿಗೆ ಫೈಲಿನ ವಿಳಾಸವನ್ನೂ $! ಗುರುತನ್ನೂ ಸೇರಿಸಿ ಮತ್ತೆ ಓಡಿಸಿದೆ. ‘ಕೆನಾಟ್ ಓಪನ್’ ಎಂದು ಶುರುವಾಗಿ, ವಿಳಾಸ ಬಂದು, ಆಮೇಲೆ ಕಾರಣ ಬರಬೇಕಿತ್ತು. ಬಂದದ್ದು ವಿಚಿತ್ರವಾಗಿತ್ತು. ಸಾಲಿನ ಮೊದಲಿಗೇ ಒಂದು ಕೋಲನ್, ಆಮೇಲೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’, ಆ ಡೈರೆಕ್ಟರಿಯ ಬಾಲಕ್ಕೆ ಅಂಟಿಕೊಂಡು ‘ಓಡ್ಯೂ ಡಾಟ್ ಡಿಬಿ’. ನಮ್ಮ ಫೈಲಿನ ಹೆಸರು ‘ನೋಡ್ಯೂ ಡಾಟ್ ಡಿಬಿ’. ಮುಂದಿನ ಅಕ್ಷರ ಯಾರೋ ತಿಂದ ಹಾಗೆ.

ಉತ್ತರ ಆ ಸಾಲಿನಲ್ಲೇ ಇತ್ತು. ನಾನು ‘ಟರ್ಮಿನಲ್ ಏನೋ ಗಲೀಜು ಮಾಡಿದೆ’ ಎಂದು ದಾಟಿಕೊಂಡು ಹೋದೆ. ಓದಿದ್ದು ನನಗೆ ಅರ್ಥವಾಗುವ ಭಾಗವನ್ನು ಮಾತ್ರ: ಫೈಲ್ ಇಲ್ಲ. ಆದರೆ ಫೈಲ್ ಇದೆ! ಅದೇ ವಿಳಾಸವನ್ನು ಕೈಯಿಂದ ಟೈಪ್ ಮಾಡಿ ನೋಡಿದರೆ ಸಿಗುತ್ತದೆ, ಸ್ಕ್ರಿಪ್ಟು ನೋಡಿದರೆ ಸಿಗುವುದಿಲ್ಲ. ಗಂಟೆ ಮೂರೂಕಾಲು. ಹಿಂದಿನಿಂದ ಒಬ್ಬರು, ‘ಆಗುತ್ತಾ, ಇಲ್ಲ ನಾವು ಬುಧವಾರ ಬರೋದಾ?’ ಎಂದರು. ಪುಣೆ ಅಣ್ಣ ಏನೂ ಅನ್ನಲಿಲ್ಲ, ಗಡಿಯಾರ ನೋಡಿದರು. ಅದು ಇನ್ನೂ ಕಷ್ಟ.

ಆಗ ಇನ್ನೊಂದು ಪರಿಹಾರ ಸಿಕ್ಕಿತು. ಫೈಲ್ ತೆರೆಯುವ ಆಜ್ಞೆಗೆ ‘ಓ-ಕ್ರಿಯಾಟ್’ ಎಂಬ ಗುರುತು ಸೇರಿಸಿ, ಎರರ್ ಹೋಗುತ್ತದೆ ಎಂದಿತ್ತು. (ಕ್ರಿಯೇಟ್ ಎಂಬ ಪದದ ಸ್ಪೆಲಿಂಗಿನಲ್ಲಿ ಕೊನೆಯ ‘ಇ’ ಇಲ್ಲ. ಯೂನಿಕ್ಸ್ ರೂಪಿಸಿದ ಕೆನ್ ಥಾಂಪ್ಸನ್ ಅವರನ್ನು, ಮತ್ತೊಮ್ಮೆ ಮಾಡುವುದಾದರೆ ಏನು ಬದಲಿಸುತ್ತೀರಿ ಎಂದು ಕೇಳಿದ್ದಕ್ಕೆ, ಆ ‘ಇ’ ಸೇರಿಸುತ್ತೇನೆ ಎಂದಿದ್ದರಂತೆ.) ಸೇರಿಸಿದೆ. ಓಡಿಸಿದೆ. ಎರರ್ ಇಲ್ಲ! ‘ಯುಎಸ್ಎನ್ ಕೊಡಿ’ ಎಂದು ಸ್ಕ್ರಿಪ್ಟು ಕೇಳಿತು. ಕೌಂಟರಿನ ಆಚೆ ಇದ್ದವರು ಚಪ್ಪಾಳೆ ಹೊಡೆದರು. ಲೈಬ್ರರಿಯನ್ ಸರ್ ಅಟೆಂಡರ್‌ಗೆ ಹೇಳಿ ನನಗೊಂದು ಟೀ ತರಿಸಿದರು. ಪುಣೆ ಅಣ್ಣನ ನಂಬರ್ ಹೊಡೆದರೆ ‘ನೋ ಡ್ಯೂ’, ಚೀಟಿ ಬಂತು, ಸಹಿ ಬಿತ್ತು. ಎರಡನೆಯವರದೂ ನೋ ಡ್ಯೂ, ಅವರು ಚೀಟಿ ಹಿಡಿದುಕೊಂಡು ಹೊರಟೇಹೋದರು. ನಾನು ಟೀ ಕುಡಿಯುತ್ತಾ, ಲಿಂಕ್ಡ್‌ಇನ್‌ನಲ್ಲಿ ಇದನ್ನು ಹೇಗೆ ಬರೆಯುವುದು ಎಂದು ಯೋಚಿಸುತ್ತಿದ್ದೆ.

ಮೂರನೆಯವರಿಗೂ ನೋ ಡ್ಯೂ ಬಂತು. ಸರ್ ಪೆನ್ ಎತ್ತಿದವರು ಹಾಗೇ ನಿಂತರು.

‘ಏನಪ್ಪಾ, ನೀನು ಗ್ರೇವಾಲ್ ಕಳೆದುಹಾಕಿದ್ದೆಯಲ್ಲ? ಮೂರು ತಿಂಗಳ ಹಿಂದೆ ನಾನೇ ಎಂಟ್ರಿ ಹಾಕಿದ್ದೆ.’

ಆ ಸೀನಿಯರ್ ನೆಲ ನೋಡಿದರು. ಅವರ ಹಿಂದಿದ್ದವರು, ‘ಬಿಡಿ ಸರ್, ಕಂಪ್ಯೂಟರೇ ಇಲ್ಲ ಅಂತಿದೆಯಲ್ಲ’ ಅಂದರು. ಎಲ್ಲ ನಕ್ಕರು. ಸರ್ ನಗಲಿಲ್ಲ. ತಮ್ಮ ಟೇಬಲ್ಲಿನಿಂದ ಬಾಕಿದಾರರ ಹೆಸರಿದ್ದ ಒಂದು ಹಳೇ ಪ್ರಿಂಟೌಟ್ ತೆಗೆದು, ಅದರಲ್ಲಿದ್ದ ನಾಲ್ಕು ನಂಬರ್ ಒಂದಾದ ಮೇಲೊಂದು ಹೊಡೆದರು. ನಾಲ್ಕಕ್ಕೂ ನೋ ಡ್ಯೂ. ಕೊನೆಗೆ ಸುಮ್ಮನೆ ಒಂದು, ಎರಡು, ಮೂರು ಎಂದು ಹೊಡೆದರು. ಇಲ್ಲದೇ ಇರುವ ಆ ವಿದ್ಯಾರ್ಥಿಗೂ ನೋ ಡ್ಯೂ.

‘ನಿನ್ನ ಕಂಪ್ಯೂಟರು ಊರಿಗೆಲ್ಲ ಸಾಲ ಮನ್ನಾ ಮಾಡ್ತಿದೆ’ ಎಂದು ನನ್ನ ಕಡೆ ತಿರುಗಿದರು.

ಟೀ ಗಂಟಲಲ್ಲೇ ನಿಂತಿತು. ಓ-ಕ್ರಿಯಾಟ್ ಅಂದರೆ ಏನು ಎಂದು ನಾನು ಆಗ ಓದಿದೆ: ಫೈಲ್ ಸಿಗದಿದ್ದರೆ ಅದೇ ಹೆಸರಿನಲ್ಲಿ ಹೊಸದೊಂದನ್ನು ಸೃಷ್ಟಿಸು. ಡೇಟಾಬೇಸ್ ಸಿಗಲಿಲ್ಲ ಎನ್ನುತ್ತಿದ್ದ ಸ್ಕ್ರಿಪ್ಟಿಗೆ ನಾನು ಖಾಲಿ ಡೇಟಾಬೇಸ್ ಮಾಡಿಕೊಳ್ಳಲು ಹೇಳಿದ್ದೆ. ಖಾಲಿ ಉದ್ರಿ ಪುಸ್ತಕದಲ್ಲಿ ಯಾರ ಹೆಸರೂ ಇರುವುದಿಲ್ಲ, ಆದ್ದರಿಂದ ಯಾರದೂ ಬಾಕಿ ಇಲ್ಲ. ‘ತೆರೆಯಲು ಆಗುತ್ತಿಲ್ಲ’ ಎಂದು ಹಟ ಹಿಡಿದು ಕೂತಿದ್ದಾಗ ಅದು ಸರಿಯಾಗಿಯೇ ಇತ್ತು. ಬಾಯಿ ಮುಚ್ಚಿಸಿದವನು ನಾನು. ಸರ್‌ಗೆ ಆ ಗ್ರೇವಾಲ್ ಪುಸ್ತಕ ನೆನಪಿರದಿದ್ದರೆ ಅವತ್ತು ಸಂಜೆಯೊಳಗೆ ಹದಿಮೂರು ಜನ ಸುಳ್ಳು ಚೀಟಿ ಹಿಡಿದು ಹೊರಟಿರುತ್ತಿದ್ದರು, ಅವರ ಹಿಂದೆ ಮುಂದಿನ ವಾರ ಇನ್ನೆಷ್ಟು ಜನವೋ. ಸಹಿ ಸರ್‌ದು. ಆಡಿಟ್ ಬಂದರೆ ಉತ್ತರ ಹೇಳಬೇಕಾದವರೂ ಅವರೇ.

ಹಾಗಾದರೆ ಆ ಹೊಸ ಖಾಲಿ ಫೈಲ್ ಎಲ್ಲಿ? ಹಳೆಯದು ಅದೇ ಜಾಗದಲ್ಲಿ ಅದೇ ಹೆಸರಿನಲ್ಲಿ ಇದೆಯಲ್ಲ? ಫೋಲ್ಡರಿನ ಪಟ್ಟಿ ತೆಗೆದೆ. ನೋಡ್ಯೂ ಡಾಟ್ ಡಿಬಿ ಎರಡು ಇದ್ದವು. ಒಂದು ಕೆಲವು ನೂರು ಕೆಬಿ, ಇನ್ನೊಂದು ಹನ್ನೆರಡೇ ಕೆಬಿ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇರಲು ಸಾಧ್ಯವೇ ಇಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ. ಚಿಕ್ಕದರ ಹೆಸರಿಗೆ ಉಬುಂಟು ಉದ್ಧರಣ ಚಿಹ್ನೆ ಹಾಕಿ, ಕೊನೆಗೆ ಒಂದು ಡಾಲರು, ಒಂದು ಬ್ಯಾಕ್‌ಸ್ಲ್ಯಾಷು, ಒಂದು ‘ಆರ್’ ಅಂಟಿಸಿ ತೋರಿಸುತ್ತಿತ್ತು.

ಬ್ಯಾಕ್‌ಸ್ಲ್ಯಾಷ್ ಆರ್. ಕ್ಯಾರೇಜ್ ರಿಟರ್ನ್.

ನಮ್ಮತ್ತೆ ಮದುವೆಗೆ ಮುಂಚೆ ಬಸ್‌ಸ್ಟ್ಯಾಂಡಿನ ಪಕ್ಕದ ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಕಲಿತು ಜೂನಿಯರ್ ಪಾಸು ಮಾಡಿದವರು. ಸಾಲು ಮುಗಿಯುತ್ತಾ ಬಂದಾಗ ‘ಟಿಣ್’ ಎಂದು ಗಂಟೆ ಹೊಡೆಯುತ್ತಿತ್ತು, ಎಡಗೈಯಲ್ಲಿ ಹಿಡಿಕೆ ತಳ್ಳಿದರೆ ಕ್ಯಾರೇಜು ಸರ್ರನೆ ಸಾಲಿನ ಮೊದಲಿಗೆ ವಾಪಸ್ ಬರುತ್ತಿತ್ತು ಎಂದು ಅವರು ಕೈ ಮಾಡಿ ತೋರಿಸುವುದುಂಟು. ಅದರಲ್ಲಿ ನಿಜವಾಗಿ ಎರಡು ಕೆಲಸ ಇವೆ. ಒಂದು, ಸಾಲಿನ ಮೊದಲಿಗೆ ಹೋಗುವುದು, ಇನ್ನೊಂದು, ಕಾಗದ ಒಂದು ಸಾಲು ಮೇಲೇರುವುದು. ಟೆಲಿಪ್ರಿಂಟರುಗಳಲ್ಲಿ ಇವೆರಡಕ್ಕೂ ಬೇರೆಬೇರೆ ಸಂಕೇತ ಇದ್ದವು. ವಿಂಡೋಸ್ ಇವತ್ತಿಗೂ ಸಾಲಿನ ಕೊನೆಗೆ ಎರಡನ್ನೂ ಬರೆಯುತ್ತದೆ. ಲಿನಕ್ಸ್ ಎರಡನೆಯದನ್ನು ಮಾತ್ರ ಬರೆಯುತ್ತದೆ.

ವಿಂಡೋಸಿನಲ್ಲಿ ನೋಟ್‌ಪ್ಯಾಡ್ ತೆರೆದು ಆ ಒಂದು ಸಾಲು ಬರೆದವನು ಯಾರು? ಗುರುವಾರ ರಾತ್ರಿ, ಹಾಸ್ಟೆಲಿನಲ್ಲಿ, ನಾನೇ.

ಲಿನಕ್ಸಿನಲ್ಲಿ ಪರ್ಲ್‌ನ ಚಾಂಪ್ ಕತ್ತರಿಸುವುದು ಕೊನೆಯ ಲಿನಕ್ಸ್ ಗುರುತನ್ನು ಮಾತ್ರ. ಕ್ಯಾರೇಜ್ ರಿಟರ್ನ್ ಫೈಲಿನ ಹೆಸರಿಗೇ ಅಂಟಿಕೊಂಡು ಉಳಿಯಿತು. ಲಿನಕ್ಸಿಗೆ ಅದು ಹೆಸರಿನಲ್ಲಿನ ಇನ್ನೊಂದು ಅಕ್ಷರ, ಅಷ್ಟೆ. ಆ ಹೆಸರಿನ ಫೈಲು ನಿಜವಾಗಿಯೂ ಇರಲಿಲ್ಲ. ಎರರ್ ಸಾಲು ಗಲೀಜಾದದ್ದೂ ಅದಕ್ಕೇ: ‘ಕೆನಾಟ್ ಓಪನ್’, ವಿಳಾಸ ಎಲ್ಲ ಬರೆದಾದ ಮೇಲೆ ಕ್ಯಾರೇಜ್ ರಿಟರ್ನ್ ಬಂತು, ಕರ್ಸರ್ ಸರ್ರನೆ ಸಾಲಿನ ಮೊದಲಿಗೆ ಹೋಯಿತು, ಉಳಿದ ಮಾತು ಬರೆದದ್ದರ ಮೇಲೇ ಬಿತ್ತು. ಮುಚ್ಚದೆ ಉಳಿದ ಬಾಲವೇ ‘ಓಡ್ಯೂ ಡಾಟ್ ಡಿಬಿ’. ಖಾತ್ರಿ ಮಾಡಿಕೊಳ್ಳಲು ವಿಳಾಸವನ್ನು ಎರಡು ಚೌಕ ಆವರಣದ ನಡುವೆ ಇಟ್ಟು ಪ್ರಿಂಟ್ ಮಾಡಿದೆ. ಮುಚ್ಚುವ ಆವರಣ ಸಾಲಿನ ಕೊನೆಗೆ ಬರುವ ಬದಲು ಮೊದಲಿಗೆ ಬಂದು ಕೂತಿತು. ಈ ಉಪಾಯ ಎಲ್ಲ ಭಾಷೆಯಲ್ಲೂ ನಡೆಯುತ್ತದೆ. ಇಂಥ ಕ್ಯಾರೇಜ್ ರಿಟರ್ನ್ ಇರಲಿ, ಕೊನೆಯಲ್ಲೊಂದು ಖಾಲಿ ಜಾಗ ಇರಲಿ, ಆವರಣ ಹಾಕಿದರೆ ಸಿಕ್ಕಿಬೀಳುತ್ತದೆ. ಫೈಲಿನೊಳಗೇ ನೋಡಬೇಕಿದ್ದರೆ ‘ಕ್ಯಾಟ್’ ಆಜ್ಞೆಗೆ ದೊಡ್ಡ ‘ಎ’ ಸೇರಿಸಿದರಾಯಿತು, ಆ ಗುರುತು ಟೋಪಿ ಹಾಕಿದ ‘ಎಂ’ ಆಗಿ ಕಾಣುತ್ತದೆ.

ರಿಪೇರಿಗೆ ಎರಡು ನಿಮಿಷ ಹಿಡಿಯಿತು. ಚಾಂಪ್ ಇದ್ದ ಕಡೆ, ಸಾಲಿನ ಕೊನೆಯಲ್ಲಿ ಖಾಲಿ ಏನೇ ಇದ್ದರೂ ತೆಗೆದುಹಾಕು ಎಂದು ಬರೆದೆ. ಓ-ಕ್ರಿಯಾಟ್ ತೆಗೆದೆ. 777 ಕೂಡ ತೆಗೆದು, ಲೈಬ್ರರಿಯ ಲಾಗಿನ್‌ಗೆ ಮಾತ್ರ ತಿದ್ದುವ ಅಧಿಕಾರ ಉಳಿಸಿದೆ. ಪಟ್ಟಿಯಲ್ಲಿ ಒಂದೂ ಹೆಸರಿಲ್ಲದಿದ್ದರೆ ಚೀಟಿ ಕೊಡದೆ ಅಲ್ಲೇ ನಿಲ್ಲು ಎಂದು ಒಂದು ಸಾಲು ಸೇರಿಸಿದೆ.

ಉಳಿದದ್ದು ಆ ಭೂತದ ಫೈಲನ್ನು ಅಳಿಸುವುದು. ಅಳಿಸುವ ಆಜ್ಞೆ, ಮುಂದೆ ಫೈಲಿನ ಹೆಸರು, ಕೊನೆಯ ಕಾಣದ ಅಕ್ಷರಕ್ಕೆ ಏನು ಹಾಕುವುದು? ಅಭ್ಯಾಸಬಲದಿಂದ ನಕ್ಷತ್ರ ಚಿಹ್ನೆ ಹಾಕಿದೆ. ಎಂಟರ್ ಮೇಲೆ ಬೆರಳಿತ್ತು. ನಕ್ಷತ್ರ ಎಂದರೆ ಮುಂದೆ ಏನಿದ್ದರೂ ಸರಿ, ಏನೂ ಇಲ್ಲದಿದ್ದರೂ ಸರಿ. ಒತ್ತಿದ್ದರೆ ಖಾಲಿ ಫೈಲಿನ ಜೊತೆ ಅಸಲಿ ಫೈಲೂ ಹೋಗುತ್ತಿತ್ತು. ಅದರ ಇನ್ನೊಂದು ಪ್ರತಿ ಇದ್ದದ್ದು ಸ್ಟೋರ್ ರೂಮಿನ ಡಿಸ್ಕಿನಲ್ಲಿ ಮಾತ್ರ. ಕೈ ತಣ್ಣಗಾಯಿತು. ನಕ್ಷತ್ರ ಅಳಿಸಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅದಕ್ಕೆ ಸರಿಯಾಗಿ ಒಂದು ಅಕ್ಷರ ಇರಲೇಬೇಕು. ಅಳಿಸುವ ಮುಂಚೆ ಅಸಲಿ ಫೈಲನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡೆ. ಎರಡು ಗಂಟೆಗೇ ಮಾಡಬೇಕಿದ್ದ ಕೆಲಸ, ಮಾಡಿದಾಗ ನಾಲ್ಕೂ ಹತ್ತು.

ಮತ್ತೆ ಮೊದಲಿನಿಂದ ನಂಬರ್ ಹೊಡೆದೆವು. ಇಲ್ಲದ ವಿದ್ಯಾರ್ಥಿಯ ನಂಬರಿಗೆ ಈ ಸಲವೂ ನೋ ಡ್ಯೂ ಬಂತು, ಅದನ್ನು ಸರಿಮಾಡಲು ದಾಖಲಾತಿ ಪಟ್ಟಿಯೇ ಬೇಕು, ಇನ್ನೂ ಬಾಕಿ ಇದೆ. ಪುಣೆ ಅಣ್ಣನದು ನಿಜವಾಗಿಯೂ ನೋ ಡ್ಯೂ. ಗ್ರೇವಾಲ್ ಕಳೆದವರದು ಪುಸ್ತಕದ ಬೆಲೆ ಮತ್ತು ಫೈನ್ ಸೇರಿ ಪರದೆಯ ಮೇಲೆ ಬಂತು, ಅವರು ತಕರಾರಿಲ್ಲದೆ ಕಟ್ಟಿದರು. ಸಿಕ್ಕಿಬಿದ್ದದ್ದು ಚೀಟಿ ಹಿಡಿದು ಹೊರಟುಹೋಗಿದ್ದ ಎರಡನೆಯವರು, ಅವರದು 42 ರೂಪಾಯಿ ಫೈನ್ ಇತ್ತು. ಫೋನ್ ಮಾಡುವ ಕೆಲಸ ಸರ್ ನನಗೇ ಕೊಟ್ಟರು.

‘ಹಲೋ, ನಾನು ಲೈಬ್ರರಿಯಿಂದ... ನಿಮ್ಮ ಚೀಟಿ ತಪ್ಪಾಗಿದೆ, ವಾಪಸ್ ಬರಬೇಕಿತ್ತು.’

‘ಯಾರು ತಪ್ಪು ಮಾಡಿದ್ದು?’

‘ನಾನು.’

ಕ್ಯಾಂಟೀನಿನಲ್ಲಿದ್ದರು, ಬಂದರು. 50 ರೂಪಾಯಿ ಕೊಟ್ಟು, ಚಿಲ್ಲರೆ ಎಣಿಸಿಕೊಂಡು, ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಹೋದರು.

ಐದಕ್ಕೆ ಐದು ನಿಮಿಷ ಇರುವಾಗ ಕೊನೆಯ ಚೀಟಿಗೆ ಸಹಿ ಬಿತ್ತು. ಸರ್ ಡ್ರಾಯರಿನಿಂದ ಉದ್ದನೆಯ ಹೊಸ ನೋಟ್‌ಬುಕ್ ತೆಗೆದು, ಸ್ಕೇಲಿನಿಂದ ಗೆರೆ ಎಳೆಯತೊಡಗಿದರು. ‘ಕಂಪ್ಯೂಟರ್ ಸರಿ ಆಯ್ತಲ್ಲ ಸರ್?’ ಅಂದೆ. ‘ಆಯ್ತಪ್ಪ. ಇದರಲ್ಲೂ ಒಂದು ಬರೆದಿಡ್ತೀನಿ’ ಅಂದರು.

ರಾತ್ರಿ ಒಂಬತ್ತರ ಹೊತ್ತಿಗೆ ಪುಣೆ ಅಣ್ಣನ ಮೆಸೇಜ್ ಬಂತು. ಬಸ್ಸು ಹುಬ್ಬಳ್ಳಿ ದಾಟಿತ್ತು. ‘ಕೊನೆಗೆ ಏನಾಗಿತ್ತೋ? ಪರ್ಲ್ ಪ್ರಾಬ್ಲಮ್ಮಾ?’

‘ಇಲ್ಲಣ್ಣ, ನೋಟ್‌ಪ್ಯಾಡ್’ ಎಂದು ಟೈಪ್ ಮಾಡಿದೆ. ಅಳಿಸಿ, ‘ನಂದೇ’ ಎಂದು ಕಳಿಸಿದೆ.